ಜಗಲಿಯಿಂದ ಅಡುಗೆಮನೆವರೆಗೆ ಒಂದೇ ವೈಫೈ: ನನ್ನ ಅನುಭವ

ನಮ್ಮದು ಸಾಗರದ ಕಡೆಯ ಹಳೇ ಹೆಂಚಿನ ಮನೆ. ಒಂದೂವರೆ ಅಡಿ ದಪ್ಪದ ಜಂಬಿಟ್ಟಿಗೆ ಗೋಡೆ. ಮನೆಯೊಳಗೆ ಮೊಬೈಲ್ ಸಿಗ್ನಲ್ ಇಲ್ಲ, ವೈಫೈ ಕಾಲಿಂಗೇ ಗತಿ. ಫೈಬರ್ ರೂಟರ್ ಇರುವುದು ಜಗಲಿಯಲ್ಲಿ. ಅಕ್ಕನ ಜೊತೆ ಮಾತಾಡುತ್ತಾ ಅಮ್ಮ ಅಡುಗೆಮನೆಗೆ ಹೋದರೆ ಕಾಲ್ ಕಟ್.

ಮೊದಲು ನಡುಮನೆಗೆ ರಿಪೀಟರ್, ಅಂದರೆ ವೈಫೈ ಸಿಗ್ನಲ್ ಹಿಡಿದು ಮತ್ತೆ ಹರಡುವ ಪೆಟ್ಟಿಗೆ, ಹಾಕಿದೆ. ಫೋನಿನಲ್ಲಿ ಕಡ್ಡಿಗಳೇನೋ ತುಂಬಿದವು, ವೇಗ ಮಾತ್ರ ಅರ್ಧಕ್ಕಿಳಿಯಿತು. ಕೇಳಿಸಿಕೊಳ್ಳುವುದೂ ಮತ್ತೆ ಹೇಳುವುದೂ ಒಂದೇ ರೇಡಿಯೋದಲ್ಲಿ ಅಲ್ವಾ! ಹಾಗಾಗಿ ಅಟ್ಟದಲ್ಲಿ ತೊಲೆಗುಂಟ 25 ಮೀಟರ್ ಕ್ಯಾಟ್ 6 ನೆಟ್‌ವರ್ಕ್ ಕೇಬಲ್ ಎಳೆದೆ. ಇಲಿ ಕಾಟಕ್ಕೆ ಪಿವಿಸಿ ಪೈಪಿನೊಳಗೆ ಹಾಕಿದೆ.

ಅಡುಗೆಮನೆ ಕಡೆಯ ತುದಿಗೆ ಮನೆಯಲ್ಲಿದ್ದ ಹಳೇ ರೂಟರನ್ನೇ ಆಕ್ಸೆಸ್ ಪಾಯಿಂಟ್ (ಕೇಬಲಿನಲ್ಲಿ ಬಂದದ್ದನ್ನು ವೈಫೈ ಆಗಿ ಹರಡುವ ಸಾಧನ) ಮಾಡಿದೆ. ಅದಕ್ಕೆ ಐಪಿ, ಅಂದರೆ ನೆಟ್‌ವರ್ಕಿನೊಳಗಿನ ವಿಳಾಸ, 192.168.1.2 ಕೊಟ್ಟೆ, ಕೇಬಲನ್ನು ವ್ಯಾನ್ (ಹೊರಗಿನ ಇಂಟರ್ನೆಟ್‌ನ) ಪೋರ್ಟ್ ಬಿಟ್ಟು ಲ್ಯಾನ್ (ಮನೆಯೊಳಗಿನ) ಪೋರ್ಟಿಗೆ ಚುಚ್ಚಿದೆ. ಅದರ ಡಿಎಚ್‌ಸಿಪಿ, ಅಂದರೆ ಫೋನುಗಳಿಗೆ ಐಪಿ ವಿಳಾಸ ಹಂಚುವ ಕೆಲಸ, ಆಫ್ ಮಾಡಲು ಮರೆತಿದ್ದೆ. ಕೆಲವು ಫೋನುಗಳು ಕನೆಕ್ಟ್ ಆದರೂ ಇಂಟರ್ನೆಟ್ ಬರದೆ ಒಂದು ಸಂಜೆ ಪೂರ್ತಿ ಅದಕ್ಕೇ ಹೋಯಿತು. ಎರಡಕ್ಕೂ ಒಂದೇ ಹೆಸರು, ಒಂದೇ ಪಾಸ್‌ವರ್ಡ್. ಒಂದಕ್ಕೊಂದು ಅಡ್ಡ ಬರದಂತೆ ಚಾನಲ್ ಮಾತ್ರ ಬೇರೆ: 2.4 ಗಿಗಾಹರ್ಟ್ಸ್‌ನಲ್ಲಿ ಒಂದಕ್ಕೆ 1, ಇನ್ನೊಂದಕ್ಕೆ 11.

ಆದರೂ ಅಮ್ಮನ ಫೋನು ಜಗಲಿಯ ರೂಟರನ್ನು ಬಿಡಲಿಲ್ಲ. ಯಾವುದಕ್ಕೆ ಸೇರಬೇಕೆಂದು ತೀರ್ಮಾನಿಸುವುದು ರೂಟರಲ್ಲ, ಫೋನು. ಸಿಗ್ನಲ್ ಅಳೆಯುವ ಆ್ಯಪ್ ಹಿಡಿದು ಮನೆಯಿಡೀ ನಡೆದೆ. ಅಡುಗೆಮನೆ ಹೊಸ್ತಿಲಲ್ಲಿ ಜಗಲಿಯದು −66 ಡಿಬಿಎಂ (ಸಿಗ್ನಲ್ ಬಲದ ಅಳತೆ; ಸೊನ್ನೆಯಿಂದ ಕೆಳಗಿಳಿದಷ್ಟೂ ದುರ್ಬಲ). ಬೇರೆ ಹುಡುಕುವಷ್ಟು ಕೆಟ್ಟದಾಗಿ ಫೋನಿಗೆ ಕಂಡಿರಲಿಕ್ಕಿಲ್ಲ. ಐಫೋನು ಕೂಡ −70ರವರೆಗೆ ಸುಮ್ನೆ ಇರುತ್ತದೆ. ಆದರೆ ಫೋನಿನ ರೇಡಿಯೋಗೆ ರೂಟರಿನಷ್ಟು ಶಕ್ತಿ ಇರುವುದಿಲ್ಲ. ಜಗಲಿಯ ಮಾತು ಒಳಗೆ ಕೇಳುತ್ತದೆ, ಒಳಗಿನ ಮಾತು ಆ ಗೋಡೆ ದಾಟಿ ಜಗಲಿಗೆ ಮುಟ್ಟುವುದಿಲ್ಲ.

ಆಗ ಜಗಲಿಯ ರೂಟರಿನ ಪವರ್ ಜಾಸ್ತಿ ಮಾಡುವ ಬದಲು ಕಡಿಮೆ ಮಾಡಿದೆ, ಹೈನಿಂದ ಮೀಡಿಯಂಗೆ. ಅದೇ ಹೊಸ್ತಿಲಲ್ಲಿ −74ಕ್ಕೆ ಇಳಿಯಿತು. ಎರಡು ಹೆಜ್ಜೆ ಒಳಗಿಡುವಷ್ಟರಲ್ಲಿ ಫೋನು ತಾನಾಗಿ ಒಳಗಿನದಕ್ಕೆ ಹಾರಿತು. ಇಷ್ಟು ಸಣ್ಣ ಬದಲಾವಣೆ ಇಷ್ಟು ಕೆಲಸ ಮಾಡಿದ್ದು ನೋಡಿ ನಿಜಕ್ಕೂ ಖುಷಿಯಾಯಿತು. 802.11ಆರ್ ಎಂಬ ವೈಫೈ ಸೌಲಭ್ಯ ಇದ್ದರೆ ಈ ಜಿಗಿತ ಇನ್ನೂ ಬೇಗ ಆಗುತ್ತದೆ. ನನ್ನ ಹಳೇ ರೂಟರಿನಲ್ಲಿ ಅದಿಲ್ಲ, ಅದಿಲ್ಲದೆಯೂ ಮಾತು ಅರೆಕ್ಷಣ ಅಳುಕುತ್ತದೆ ಅಷ್ಟೇ.

ಮೊನ್ನೆ ಅಮ್ಮ ಜಗಲಿಯಲ್ಲಿ ಅಡಿಕೆ ಸುಲಿಯುತ್ತಾ ಅಕ್ಕನ ಜೊತೆ ಮಾತು ಶುರು ಮಾಡಿದರು. ಹಾಲು ಉಕ್ಕುವ ವಾಸನೆ ಬಂದು ಒಳಗೆ ಓಡಿದರು, ಮಾತು ನಿಲ್ಲಲಿಲ್ಲ. ಇನ್ನು ಕೊಟ್ಟಿಗೆಗೂ ಒಂದು ಹಾಕು ಅಂತ ಅವರೇ ಹೇಳಿದ್ದಾರೆ.