ಬೋರ್ ಮಾಡಿಸಿದ ಇಂಜಿನ್‌ನಲ್ಲಿ ರಿಂಗ್ ಕೂರಿಸುವುದು: ಮೊದಲ ಸ್ಟಾರ್ಟ್‌ನಿಂದ ಮೊದಲ ಸಾವಿರ ಕಿಲೋಮೀಟರ್‌ವರೆಗೆ

ಬೋರ್ ಮಾಡಿಸಿ (ಸವೆದ ಸಿಲಿಂಡರನ್ನು ಒಳಗಿನಿಂದ ಕೊರೆಸಿ) ಹೊಸ ಪಿಸ್ಟನ್, ರಿಂಗ್, ಬೇರಿಂಗ್ ಹಾಕಿ ಕಟ್ಟಿದ ಕಾರಿನ ಇಂಜಿನ್‌ಗೆ ಎಲ್ಲರೂ ಹೇಳುವ ಮಾತು ಒಂದೇ: ‘ಸಾವಿರ ಕಿಲೋಮೀಟರ್ ಮೆತ್ತಗೆ ಓಡಿಸಿ.’ ಇದರಲ್ಲಿ ಅರ್ಧ ಮಾತ್ರ ಸರಿ. ಆರ್‌ಪಿಎಂ ಅತಿಯಾಗಿ ಏರಿಸಬಾರದು, ನಿಜ. ಆದರೆ ಇಂಜಿನ್ ಮೇಲೆ ಲೋಡೇ ಬೀಳದ ಹಾಗೆ ಓಡಿಸಿದರೆ ರಿಂಗ್ ಕೂರುವುದಿಲ್ಲ, ಅಂದರೆ ಪಿಸ್ಟನ್ ಸುತ್ತಲಿನ ಬಳೆ ಸಿಲಿಂಡರ್ ಗೋಡೆಗೆ ಬಿಗಿಯಾಗಿ ಹೊಂದಿಕೊಳ್ಳುವುದಿಲ್ಲ. ಕಟ್ಟಿದ ಇಂಜಿನ್ ಆರು ತಿಂಗಳಲ್ಲೇ ಆಯಿಲ್ ಕುಡಿಯತೊಡಗಿದರೆ ಎಷ್ಟೋ ಸಲ ಕಾರಣ ಈ ಅತಿ ಜೋಪಾನವೇ.

ಹೋನಿಂಗ್ ಮಾಡಿದ (ಸಾಣೆಕಲ್ಲಿನಿಂದ ಉಜ್ಜಿದ) ಬೋರ್‌ನ, ಅಂದರೆ ಸಿಲಿಂಡರ್‌ನ, ಗೋಡೆಯನ್ನು ಬೆಳಕಿಗೆ ಹಿಡಿದು ನೋಡಿದರೆ ಒಂದನ್ನೊಂದು ಓರೆಯಾಗಿ ಕತ್ತರಿಸುವ ಸಣ್ಣ ಗೀರುಗಳು ಕಾಣುತ್ತವೆ. ಗೀರಿನ ತಗ್ಗಿನಲ್ಲಿ ಆಯಿಲ್ ನಿಲ್ಲುತ್ತದೆ. ಗೀರುಗಳ ನಡುವಿನ ಚೂಪಾದ ಏಣು ರಿಂಗಿನ ಮುಖವನ್ನು ಉಜ್ಜಿ, ತಾನೂ ಸವೆದು, ಎರಡೂ ಒಂದಕ್ಕೊಂದು ಹೊಂದಿಕೊಳ್ಳುತ್ತವೆ. ಆದರೆ ಉಜ್ಜಬೇಕಾದರೆ ರಿಂಗ್ ಗೋಡೆಗೆ ಬಲವಾಗಿ ಒತ್ತಿಕೊಂಡಿರಬೇಕು; ರಿಂಗಿನ ಸ್ವಂತ ಸ್ಪ್ರಿಂಗ್ ಬಲ ಅದಕ್ಕೆ ಸಾಲದು. ಉರಿದ ಗ್ಯಾಸ್ ಪಿಸ್ಟನ್ ಗ್ರೂವ್‌ನ ಸಂದಿಯಿಂದ ಇಳಿದು ರಿಂಗಿನ ಬೆನ್ನಿಗೆ ಹೋಗಿ ಅದನ್ನು ಹೊರಕ್ಕೆ ದೂಡಬೇಕು. ಆಕ್ಸಿಲರೇಟರ್ ಒತ್ತದೆ ಆ ಒತ್ತಡ ಹುಟ್ಟುವುದಿಲ್ಲ. ಆಗ ಬಿಸಿ ಗ್ಯಾಸ್ ರಿಂಗ್ ದಾಟಿ ಕೆಳಗೆ ನುಗ್ಗಿ, ಗೋಡೆಯ ಮೇಲಿನ ಆಯಿಲನ್ನು ಸುಟ್ಟು ವಾರ್ನಿಷ್‌ನಂಥ ಗಟ್ಟಿ ಪದರ ಮಾಡುತ್ತದೆ. ಗೀರುಗಳ ತಗ್ಗು ಮುಚ್ಚಿಹೋಗುತ್ತದೆ. ಇದೇ ಗ್ಲೇಜಿಂಗ್. ಚೆನ್ನಾಗಿ ಗ್ಲೇಜ್ ಆದ ಬೋರ್‌ಗೆ ಮತ್ತೆ ಬಿಚ್ಚಿ ಹೋನ್ ಮಾಡಿ ಹೊಸ ರಿಂಗ್ ಹಾಕುವುದೇ ಖಾತ್ರಿಯಾದ ಪರಿಹಾರ.

ಸ್ಟಾರ್ಟ್ ಮಾಡುವ ಮೊದಲು

ಹೋನಿಂಗ್ ಆದ ಬೋರ್ ತೊಳೆದದ್ದು ಹೇಗೆ ಎಂದು ಕೇಳಿಕೊಳ್ಳಿ. ಪೆಟ್ರೋಲ್ ಅಥವಾ ಸೀಮೆಎಣ್ಣೆಯಿಂದ ಒರೆಸಿದರೆ ಹೋನಿಂಗ್ ಕಲ್ಲಿನ ಪುಡಿ ಗೀರುಗಳೊಳಗೇ ಉಳಿಯುತ್ತದೆ. ಬಿಸಿನೀರು, ಸೋಪು, ಬ್ರಷ್ ಹಾಕಿ ಉಜ್ಜಬೇಕು. ಆಯಿಲ್ ಹಚ್ಚಿದ ಬಿಳಿ ಬಟ್ಟೆಯಿಂದ ಒರೆಸಿದಾಗ ಬಟ್ಟೆ ಬೆಳ್ಳಗೇ ಉಳಿಯುವವರೆಗೆ ಬಿಡಬಾರದು. ಉಳಿದ ಪುಡಿ ರಿಂಗನ್ನೂ ಬೇರಿಂಗನ್ನೂ ಒಟ್ಟಿಗೆ ತಿನ್ನುತ್ತದೆ. ಅದನ್ನು ಮುಂದಿನ ಯಾವ ಎಚ್ಚರಿಕೆಯೂ ಸರಿಪಡಿಸಲಾರದು.

ಆಯಿಲ್ ಮಿನರಲ್ ಆಗಿರಲಿ. ಬ್ರೇಕ್-ಇನ್ ಆಯಿಲ್ ಎಂದೇ ಸಿಗುವುದಾದರೆ ಇನ್ನೂ ಒಳ್ಳೆಯದು. ಗ್ರೇಡ್ ಮಾತ್ರ ಮ್ಯಾನ್ಯುಯಲ್‌ನಲ್ಲಿ ಹೇಳಿದ್ದೇ ಇರಲಿ. ಜಾರುಗುಣ ಹೆಚ್ಚಿಸುವ ಆಡಿಟಿವ್ ಯಾವುದನ್ನೂ ಸುರಿಯಬೇಡಿ, ಈಗ ಬೇಕಾಗಿರುವುದೇ ಒಂದಿಷ್ಟು ಉಜ್ಜಾಟ. ಹಳೆಯ ಮಾದರಿಯ ಫ್ಲಾಟ್ ಟ್ಯಾಪೆಟ್ ಕ್ಯಾಮ್ (ವಾಲ್ವ್ ತೆರೆಸುವ ಕ್ಯಾಮ್‌ನ ಉಬ್ಬು, ಅಂದರೆ ಲೋಬ್, ಸಪಾಟು ತಳದ ಟ್ಯಾಪೆಟ್ ಮೇಲೆ ಉಜ್ಜುತ್ತ ತಿರುಗುವಂಥದ್ದು) ಇದ್ದರೆ ಜಿಂಕ್ ಮತ್ತು ಫಾಸ್ಫರಸ್ ಹೆಚ್ಚಿರುವ ಆಯಿಲೇ ಬೇಕು. ಕ್ಯಾಮ್ ಲೋಬ್‌ಗಳಿಗೂ ಟ್ಯಾಪೆಟ್‌ನ ತಳಕ್ಕೂ ಅಸೆಂಬ್ಲಿ ಪೇಸ್ಟ್ ಬಳಿದಿರಬೇಕು.

ಇನ್ನು ಪ್ರೈಮಿಂಗ್, ಅಂದರೆ ಸ್ಟಾರ್ಟ್‌ಗೆ ಮೊದಲೇ ಒಳದಾರಿಗಳಿಗೆಲ್ಲ ಆಯಿಲ್ ತಲುಪಿಸುವುದು. ಇದನ್ನು ಬಿಟ್ಟು ಸೀದಾ ಕೀ ತಿರುಗಿಸಿದರೆ ಆಯಿಲ್ ಬೇರಿಂಗ್ ತಲುಪುವ ಮೊದಲೇ ಇಂಜಿನ್ ಓಡಿರುತ್ತದೆ. ಫಿಲ್ಟರ್ ನೆಟ್ಟಗೆ ಕೂರುವ ಜಾಗದಲ್ಲಿದ್ದರೆ ಆಯಿಲ್ ತುಂಬಿಸಿಯೇ ಹಾಕಿ. ಡಿಸ್ಟ್ರಿಬ್ಯೂಟರ್ ಶಾಫ್ಟ್‌ನಿಂದ ತಿರುಗುವ ಆಯಿಲ್ ಪಂಪ್ ಇದ್ದರೆ, ಡಿಸ್ಟ್ರಿಬ್ಯೂಟರ್ ತೆಗೆದು ಆ ತೂತಿನಿಂದ ಡ್ರಿಲ್ ಮೆಷಿನ್‌ನಲ್ಲಿ ಪಂಪನ್ನು ತಿರುಗಿಸಬಹುದು. ಪಂಪ್ ಯಾವ ದಿಕ್ಕಿಗೆ ತಿರುಗುತ್ತದೆಂದು ಮೊದಲೇ ಖಚಿತ ಮಾಡಿಕೊಳ್ಳಿ. ಒತ್ತಡ ಹುಟ್ಟಿದ ಕೂಡಲೇ ಡ್ರಿಲ್ ಬಿಗಿಯಾಗುತ್ತದೆ, ಕೈಗೆ ಗೊತ್ತಾಗುತ್ತದೆ. ಆಗ ನಿಲ್ಲಿಸದೆ, ಕ್ರ್ಯಾಂಕನ್ನು ಕೈಯಿಂದ ಸ್ವಲ್ಪ ಸ್ವಲ್ಪವೇ ತಿರುಗಿಸುತ್ತ, ವಾಲ್ವ್ ಒತ್ತುವ ಎಲ್ಲ ರಾಕರ್‌ಗಳ ಮೇಲೂ ಆಯಿಲ್ ಬರುವವರೆಗೆ ಮುಂದುವರಿಸಿ.

ಪಂಪ್ ಕ್ರ್ಯಾಂಕ್‌ನಿಂದಲೇ ತಿರುಗುವ ಇಂಜಿನ್ ಆದರೆ ಸ್ಪಾರ್ಕ್ ಪ್ಲಗ್ ಎಲ್ಲ ಬಿಚ್ಚಿ, ಇಗ್ನಿಷನ್ ಮತ್ತು ಫ್ಯೂಯೆಲ್ ಎರಡನ್ನೂ ಕಡಿದು, ಸ್ಟಾರ್ಟರ್‌ನಿಂದ 10–15 ಸೆಕೆಂಡ್ ತಿರುಗಿಸಿ, ಒಂದು ನಿಮಿಷ ಬಿಡಿ, ಮತ್ತೆ ತಿರುಗಿಸಿ. ಪ್ಲಗ್ ಇಲ್ಲದ್ದರಿಂದ ಕಂಪ್ರೆಷನ್ ಇರುವುದಿಲ್ಲ, ಬೇರಿಂಗ್ ಮೇಲೆ ಭಾರವೂ ಇರುವುದಿಲ್ಲ. ಗೇಜ್‌ನಲ್ಲಿ ಒತ್ತಡ ಕಾಣಬೇಕು ಅಥವಾ ಆಯಿಲ್ ಲೈಟ್ ಆರಬೇಕು. ಐದಾರು ಸಲಕ್ಕೂ ಆಗದಿದ್ದರೆ ಪಂಪ್ ಗಾಳಿ ಹಿಡಿದಿದೆ. ಅಂಥ ಸಂದರ್ಭ ಬರದಿರಲಿ ಎಂದೇ ಕಟ್ಟುವಾಗ ಪಂಪಿನ ಗೇರ್‌ಗಳಿಗೆ ವ್ಯಾಸಲೀನ್ ತುಂಬುತ್ತಾರೆ. ಗ್ರೀಸ್ ತುಂಬಬಾರದು, ಅದು ಕರಗದೆ ಆಯಿಲ್ ದಾರಿಯನ್ನು ಕಟ್ಟುತ್ತದೆ. ಟರ್ಬೊ ಇದ್ದರೆ ಅದರ ಆಯಿಲ್ ಒಳದಾರಿಗೂ ಒಂದಿಷ್ಟು ಆಯಿಲ್ ಬಿಟ್ಟು ಪೈಪ್ ಜೋಡಿಸಿ.

ಕೂಲಂಟನ್ನು ಹೀಟರ್ ಪೂರ್ತಿ ತೆರೆದಿಟ್ಟು ತುಂಬಿಸಿ, ಗಾಳಿಗುಳ್ಳೆ ಬರುವುದು ನಿಲ್ಲುವವರೆಗೆ ಕಾಯಿರಿ. ಟೈಮಿಂಗ್ (ಕಿಡಿ ಹಾರುವ ಸಮಯ), ಕಾರ್ಬ್ಯುರೇಟರ್ ಇದ್ದರೆ ಅದರ ಫ್ಲೋಟ್‌ಗೆ ಪೆಟ್ರೋಲ್, ಬ್ಯಾಟರಿ ಚಾರ್ಜ್ — ಮೂರನ್ನೂ ಸರಿಮಾಡಿಕೊಂಡೇ ಕೀ ತಿರುಗಿಸಿ. ಮೊದಲ ಎರಡು-ಮೂರು ಸುತ್ತಿಗೇ ಹತ್ತಬೇಕು. ಹತ್ತದೆ ಸ್ಟಾರ್ಟರ್ ತಿರುಗಿಸುತ್ತಲೇ ಇದ್ದರೆ ಕ್ಯಾಮ್‌ಗೆ ಬಳಿದ ಪೇಸ್ಟ್ ಒರೆಸಿಹೋಗುತ್ತದೆ, ಉರಿಯದ ಪೆಟ್ರೋಲ್ ಬೋರ್‌ನ ಆಯಿಲನ್ನು ತೊಳೆದುಬಿಡುತ್ತದೆ.

ಮೊದಲ ಅರ್ಧ ಗಂಟೆ

ಹತ್ತಿದ ಕೂಡಲೇ ಕಣ್ಣು ಆಯಿಲ್ ಗೇಜ್ ಮೇಲಿರಲಿ. ಕೆಲವೇ ಸೆಕೆಂಡಿನಲ್ಲಿ ಒತ್ತಡ ಕಾಣದಿದ್ದರೆ ಆಫ್ ಮಾಡಿ, ಯೋಚಿಸುತ್ತ ನಿಲ್ಲಬೇಡಿ. ಬಿಸಿಯಾದ ಮೇಲೆ ಪ್ರತಿ 1000 ಆರ್‌ಪಿಎಂಗೆ ಸುಮಾರು 10 ಪಿಎಸ್‌ಐ ಎಂಬುದು ಹಳೆಯ ಅಂದಾಜು. ನಿಮ್ಮ ಇಂಜಿನ್‌ನ ಸರಿಯಾದ ಅಂಕಿ ಮ್ಯಾನ್ಯುಯಲ್‌ನಲ್ಲಿರುತ್ತದೆ.

ಫ್ಲಾಟ್ ಟ್ಯಾಪೆಟ್ ಕ್ಯಾಮ್ ಆದರೆ ಐಡ್ಲಿಂಗ್‌ಗೆ ಬಿಡಲೇಬೇಡಿ. ತಕ್ಷಣ 2000ಕ್ಕೆ ಏರಿಸಿ, 2000–2500ರ ನಡುವೆ ಏರಿಳಿಸುತ್ತ 20ರಿಂದ 30 ನಿಮಿಷ ಓಡಿಸಿ. ಇಂಥ ಇಂಜಿನ್‌ಗಳಲ್ಲಿ ಲೋಬ್‌ಗೆ ಆಯಿಲ್ ತಲುಪುವುದು ಹೆಚ್ಚಾಗಿ ಕ್ರ್ಯಾಂಕ್ ಎರಚುವುದರಿಂದ. ನಿಧಾನ ತಿರುಗಿದರೆ ಎರಚಾಟ ಸಾಲದೆ ಲೋಬ್ ಉರುಟಾಗಿ ಸವೆಯುತ್ತದೆ. ವಾಲ್ವ್‌ಗೆ ಜೋಡಿ ಸ್ಪ್ರಿಂಗ್ ಇದ್ದರೆ ಈ ಅರ್ಧ ಗಂಟೆಗೆ ಒಳಗಿನ ಸ್ಪ್ರಿಂಗ್ ತೆಗೆದಿಡುವುದು ಅದೇ ಕಾರಣಕ್ಕೆ.

ರೋಲರ್ ಟ್ಯಾಪೆಟ್ ಇರುವ ಇಂಜಿನ್‌ಗೆ ಮತ್ತು ಇಂದಿನ ಬಹುತೇಕ ಓವರ್‌ಹೆಡ್ ಕ್ಯಾಮ್ ಇಂಜಿನ್‌ಗಳಿಗೆ ಈ ಅರ್ಧ ಗಂಟೆಯ ವ್ರತ ಬೇಕಿಲ್ಲ. ಸೋರಿಕೆ ನೋಡಿ, ಫ್ಯಾನ್ ಒಮ್ಮೆ ತಿರುಗಿ ನಿಲ್ಲುವವರೆಗೆ ಬಿಸಿಮಾಡಿ, ಆಫ್ ಮಾಡಿ, ತಣ್ಣಗಾದ ಮೇಲೆ ಕೂಲಂಟ್ ಮಟ್ಟ ನೋಡಿ, ರಸ್ತೆಗೆ ಇಳಿಸಿ. ಗಂಟೆಗಟ್ಟಲೆ ಐಡ್ಲಿಂಗ್‌ನಲ್ಲಿ ‘ಹಗುರ ಮಾಡುವ’ ರೂಢಿ ಬಿಡಲೇಬೇಕು. ಗ್ಲೇಜಿಂಗ್‌ಗೆ ಅದಕ್ಕಿಂತ ಹತ್ತಿರದ ದಾರಿ ಇಲ್ಲ. ಡೀಸೆಲ್ ಇಂಜಿನ್‌ಗೆ ಈ ಮಾತು ಇನ್ನೂ ಹೆಚ್ಚು ಅನ್ವಯಿಸುತ್ತದೆ.

ಫ್ಲಾಟ್ ಟ್ಯಾಪೆಟ್‌ನ ಆ ಅರ್ಧ ಗಂಟೆಯಲ್ಲಿ ಎಗ್ಸಾಸ್ಟ್ ಮ್ಯಾನಿಫೋಲ್ಡ್ ಕೆಂಪಗೆ ಕಾದರೆ ಟೈಮಿಂಗ್ ಹಿಂದಿದೆ (ಕಿಡಿ ತಡವಾಗಿ ಹಾರುತ್ತಿದೆ) ಅಥವಾ ಮಿಕ್ಸ್ಚರ್ ಲೀನ್ ಆಗಿದೆ (ಪೆಟ್ರೋಲ್ ಕಡಿಮೆ, ಗಾಳಿ ಹೆಚ್ಚು). ನಿಲ್ಲಿಸಿ, ಸರಿಮಾಡಿ, ಮತ್ತೆ ಮುಂದುವರಿಸಿ. ತುಂಡು ತುಂಡಾಗಿ ಓಡಿಸಿದರೂ ಒಟ್ಟು ನಿಮಿಷ ತುಂಬಿದರೆ ಸಾಕು.

ರಸ್ತೆಯ ಮೇಲೆ

ವಾಹನ ದಟ್ಟಣೆ ಇಲ್ಲದ, ಹಿಂದೆ ಯಾರೂ ಬರದ ನೇರ ರಸ್ತೆ ಬೇಕು. ಇಂಜಿನ್ ಪೂರ್ತಿ ಬಿಸಿಯಾಗಿರಬೇಕು. ಮೂರನೇ ಗೇರಿನಲ್ಲಿ ಗಂಟೆಗೆ 40 ಕಿ.ಮೀ. ಇದ್ದಾಗ ಆಕ್ಸಿಲರೇಟರ್ ಅರ್ಧಕ್ಕಿಂತ ತುಸು ಹೆಚ್ಚು ಒತ್ತಿ, 70–75ಕ್ಕೆ ಏರಿಸಿ. ನಂತರ ಕಾಲು ಪೂರ್ತಿ ತೆಗೆದು, ಕ್ಲಚ್ ಒತ್ತದೆ, ಗೇರಿನಲ್ಲೇ 40ಕ್ಕೆ ಇಳಿಯಲು ಬಿಡಿ. ಹೀಗೆ ಹತ್ತು ಸಲ. ಏರುವಾಗ ಗ್ಯಾಸ್ ರಿಂಗನ್ನು ಗೋಡೆಗೆ ಒತ್ತುತ್ತದೆ. ಪೆಟ್ರೋಲ್ ಇಂಜಿನ್‌ನಲ್ಲಿ ಇಳಿಯುವಾಗ ಸಿಲಿಂಡರ್‌ನೊಳಗೆ ನಿರ್ವಾತ ಹುಟ್ಟಿ ಕೆಳಗಿನಿಂದ ಆಯಿಲನ್ನು ಮೇಲಕ್ಕೆಳೆಯುತ್ತದೆ. ಸವೆದ ಲೋಹದ ಪುಡಿ ತೊಳೆದುಹೋಗುತ್ತದೆ, ರಿಂಗೂ ತಣಿಯುತ್ತದೆ. ಹಾಗಾಗಿ ಇಳಿಸುವುದೂ ಏರಿಸುವಷ್ಟೇ ಮುಖ್ಯ. ಕೆಲವರು ಏರಿಸುತ್ತಾರೆ, ಇಳಿಸುವಾಗ ನ್ಯೂಟ್ರಲ್ ಮಾಡಿಬಿಡುತ್ತಾರೆ. ಅರ್ಧ ಕೆಲಸ ವ್ಯರ್ಥ. ಮುಂದಿನ ಹತ್ತು ಸಲಕ್ಕೆ ಒತ್ತುವುದನ್ನು ಮುಕ್ಕಾಲಿಗೆ ಏರಿಸಿ, ಆದರೆ 4000 ಆರ್‌ಪಿಎಂ ದಾಟಿಸಬೇಡಿ. ಡೀಸೆಲ್ ಆದರೆ 3000.

ಮುಂದಿನ 800–1000 ಕಿಲೋಮೀಟರ್ ಸಾಮಾನ್ಯವಾಗಿಯೇ ಓಡಿಸಿ, ವೇಗ ಬದಲಾಗುತ್ತಿರಲಿ. ಹೆದ್ದಾರಿಯಲ್ಲಿ ಒಂದೇ ವೇಗದಲ್ಲಿ ಎರಡು ಗಂಟೆ ಹೋಗುವುದು ಬೇಡ. ಟಾಪ್ ಗೇರಿನಲ್ಲಿ ಇಂಜಿನ್ ಮುಕ್ಕಿ ನಡುಗುವ ಹಾಗೆ ಎಳೆಸುವುದೂ ಬೇಡ. ಅದರಿಂದ ಬೇರಿಂಗ್‌ನ ಆಯಿಲ್ ಪದರ ಒಡೆಯುತ್ತದೆ. ಟ್ರೇಲರ್ ಎಳೆಯುವುದನ್ನು ಸದ್ಯಕ್ಕೆ ಮುಂದೂಡಿ.

ಆಯಿಲ್, ಫಿಲ್ಟರ್, ಬೋಲ್ಟ್

ಮೊದಲ ಆಯಿಲನ್ನು 50–100 ಕಿಲೋಮೀಟರ್‌ಗೇ ಇಳಿಸಿ, ಫಿಲ್ಟರ್ ಸಮೇತ. ದಂಡ ಅನ್ನಿಸುತ್ತದೆ, ಆದರೆ ಲೋಹದ ಪುಡಿಯ ದೊಡ್ಡ ಪಾಲು ಹೊರಬರುವುದು ಇದರಲ್ಲೇ. ಎರಡನೆಯದು 800ರ ಸುಮಾರಿಗೆ.

ಮೊದಲ ಫಿಲ್ಟರನ್ನು ಎಸೆಯಬೇಡಿ, ಕತ್ತರಿಸಿ ನೋಡಿ. ಗರಗಸ ಹಾಕಿದರೆ ಅದರದೇ ಪುಡಿ ಒಳಗೆ ಬೀಳುತ್ತದೆ. ಫಿಲ್ಟರ್ ಕಟರ್ ಅಥವಾ ತಗಡು ಕತ್ತರಿಯೇ ಬೇಕು. ಒಳಗಿನ ಕಾಗದದ ಮಡಿಕೆಗಳನ್ನು ಕತ್ತರಿಸಿ ತೆಗೆದು, ಆಯಿಲ್ ಹಿಂಡಿ, ಬಿಸಿಲಿನಲ್ಲಿ ಬಿಡಿಸಿ ಹಿಡಿಯಿರಿ. ಬೂದು ಬಣ್ಣದ ಜಿಗುಟು ಅಸೆಂಬ್ಲಿ ಪೇಸ್ಟ್‌ನದು. ಅಲ್ಲೊಂದು ಇಲ್ಲೊಂದು ಸೂಜಿಮೊನೆಯಷ್ಟು ಮಿನುಗೂ ಸಹಜ. ಮ್ಯಾಗ್ನೆಟ್‌ಗೆ ಅಂಟುವ ಚೂರುಗಳು ರಾಶಿಯಾಗಿದ್ದರೆ ಕ್ಯಾಮ್ ಅಥವಾ ಟ್ಯಾಪೆಟ್ ಮೇಲೆ ಸಂಶಯಪಡಿ. ಅಂಟದ ತಾಮ್ರದ ಬಣ್ಣದ ಹೊಳಪು ಅಥವಾ ಬೆಳ್ಳಿಯಂಥ ತೆಳು ಚಕ್ಕೆ ಕಂಡರೆ ಬೇರಿಂಗ್ ಹೋಗುತ್ತಿದೆ. ಮುಂದೆ ಓಡಿಸದೆ ಸಂಪ್ (ಇಂಜಿನ್ ಕೆಳಗಿನ ಆಯಿಲ್ ತೊಟ್ಟಿ) ಬಿಚ್ಚಿ.

ಹೆಡ್ ಬೋಲ್ಟನ್ನು ಮತ್ತೆ ಟಾರ್ಕ್ ಮಾಡಬೇಕೋ ಬೇಡವೋ ಎಂಬುದನ್ನು ಗ್ಯಾಸ್ಕೆಟ್ ತಯಾರಕರ ಸೂಚನೆಯಲ್ಲಿ ನೋಡಿ. ಒಂದೇ ಸಲ ಹಿಗ್ಗಿಸಿ ಬಿಗಿಯುವ ಬೋಲ್ಟ್‌ಗಳನ್ನು ಎರಡನೇ ಸಲ ಮುಟ್ಟಬಾರದು. ಟ್ಯಾಪೆಟ್ ಸಂದಿ ಸೆಟ್ ಮಾಡುವಂಥ ಇಂಜಿನ್ ಆದರೆ 800ಕ್ಕೆ ಮತ್ತೆ ಅಳೆಯಿರಿ.

ಕೂತಿದೆಯೋ ಇಲ್ಲವೋ

ವಾರಕ್ಕೊಮ್ಮೆ ಸಮತಟ್ಟು ಜಾಗದಲ್ಲಿ, ಇಂಜಿನ್ ತಣ್ಣಗಿದ್ದಾಗ ಡಿಪ್‌ಸ್ಟಿಕ್ ನೋಡಿ ಬರೆದಿಡಿ. ಮೊದಲು ಸ್ವಲ್ಪ ಆಯಿಲ್ ಇಳಿದು, ಬರಬರುತ್ತ ನಿಂತರೆ ರಿಂಗ್ ಕೂತಿದೆ. ಏರುವಾಗ ನೀಲಿ ಹೊಗೆ ಬಂದು, ಇಂಜಿನ್ ಒಳಗಿನ ಗಾಳಿ ಹೊರಬಿಡುವ ಬ್ರೀದರ್ ಪೈಪಿನಿಂದ ಬುಸುಬುಸು ಗಾಳಿಯೂ ಬರುತ್ತಿದ್ದರೆ ಕೂತಿಲ್ಲ. ಇಳಿಜಾರಿನಲ್ಲಿ ಗೇರಿನಲ್ಲೇ ಬಿಟ್ಟು ಬಂದು, ಮತ್ತೆ ಆಕ್ಸಿಲರೇಟರ್ ಒತ್ತಿದಾಗ ಮಾತ್ರ ಒಂದು ಉಸಿರು ಹೊಗೆ ಬಂದರೆ ತಪ್ಪು ರಿಂಗಿನದಲ್ಲ, ವಾಲ್ವ್ ಸೀಲ್ ಅಥವಾ ಗೈಡ್‌ನದು. ಬೋರ್ ಬಿಚ್ಚಲು ಹೊರಡಬೇಡಿ.

1000ಕ್ಕೆ ಕಂಪ್ರೆಷನ್ ಅಳೆಯಿರಿ: ಬಿಸಿ ಇಂಜಿನ್, ಎಲ್ಲ ಪ್ಲಗ್ ಹೊರಗೆ, ಥ್ರಾಟಲ್ ಪೂರ್ತಿ ತೆರೆದಿರಬೇಕು. ಸಿಲಿಂಡರ್‌ಗಳ ನಡುವಿನ ವ್ಯತ್ಯಾಸ ಶೇ. 10ರೊಳಗಿದ್ದರೆ ಸರಿ. ಒಂದೇ ಸಿಲಿಂಡರ್ ಹಿಂದುಳಿದಿದ್ದರೆ ಅದಕ್ಕೆ ಒಂದು ಚಮಚ ಆಯಿಲ್ ಬಿಟ್ಟು ಮತ್ತೆ ಅಳೆಯಿರಿ. ಅಂಕಿ ಜಿಗಿದರೆ ರಿಂಗ್, ಅಲುಗದಿದ್ದರೆ ವಾಲ್ವ್ ಅಥವಾ ಗ್ಯಾಸ್ಕೆಟ್. ಆಯಿಲ್ ಇಳಿಯುವುದು ನಿಲ್ಲುವವರೆಗೆ ಸಿಂಥೆಟಿಕ್‌ಗೆ ಹೋಗಬೇಡಿ. ಕ್ರೋಮ್ ರಿಂಗ್ ಗಟ್ಟಿಯಾದ್ದರಿಂದ ಅದಕ್ಕೆ ಇನ್ನೂ ಒಂದೆರಡು ಸಾವಿರ ಕಿಲೋಮೀಟರ್ ಹಿಡಿಯಬಹುದು.