ತರಗತಿಯ ಬಗ್ಗೆ ಬರೆಯಬೇಕು ಅಂದುಕೊಂಡ ಮೇಷ್ಟ್ರಿಗೆ, ಟೀಚರ್‌ಗೆ

ನಮಗೆ ಬರವಣಿಗೆ ಏನೂ ಕಡಿಮೆ ಇಲ್ಲ. ಪಾಠ ಯೋಜನೆ, ಹಾಜರಿ, ಎಫ್‌ಎ ಎಸ್‌ಎ ಪರೀಕ್ಷೆಗಳ ಅಂಕಗಳು, ಬಿಸಿಯೂಟದ ಲೆಕ್ಕ, ಮೊಟ್ಟೆ ತಿಂದವರೆಷ್ಟು ಬಾಳೆಹಣ್ಣು ತಗೊಂಡವರೆಷ್ಟು, ಮಕ್ಕಳ ವಿವರ ತುಂಬುವ ಸ್ಯಾಟ್ಸ್ ಜಾಲತಾಣಕ್ಕೆ ಏರಿಸಬೇಕಾದದ್ದು, ಅದರ ಮೇಲೆ ಸುತ್ತಲಿನ ಶಾಲೆಗಳನ್ನು ನೋಡಿಕೊಳ್ಳುವ ಸಿಆರ್‌ಪಿ "ಅರ್ಜೆಂಟ್" ಅಂತ ಗ್ರೂಪಿಗೆ ಹಾಕುವ ಇನ್ನೊಂದು ನಮೂನೆ. ಇಷ್ಟೆಲ್ಲ ತುಂಬಿಸಿದರೂ ಇವತ್ತು ಮೂರನೇ ಪಿರಿಯಡ್‌ನಲ್ಲಿ ಏನಾಯಿತು ಅನ್ನೋದು ಯಾವ ಕಾಲಂನಲ್ಲೂ ಬರುವುದಿಲ್ಲ. ನಾನು ಬರೆಯೋದು ಆ ಕಾರಣಕ್ಕೆ. ಸಾಹಿತಿ ಆಗೋ ಆಸೆಯಿಂದ ಅಲ್ಲ. ಮುಂದಿನ ಜೂನ್‌ನಲ್ಲಿ ಅದೇ ಪಾಠ ಮತ್ತೆ ಬರುತ್ತದೆ, ಆಗ ಹೋದ ವರ್ಷ ಮಕ್ಕಳು ಎಲ್ಲಿ ಸಿಕ್ಕಿಹಾಕಿಕೊಂಡಿದ್ದರು ಅಂತ ನನಗೇ ಗೊತ್ತಿರಬೇಕಲ್ವಾ?

ಹಾಗಾಗಿ ಎಲ್ಲಿಂದ ಶುರು ಮಾಡೋದು ಅಂತ ಕೇಳುವವರಿಗೆ ನನ್ನ ಉತ್ತರ ಒಂದೇ. ತಪ್ಪು ಉತ್ತರದಿಂದ ಶುರು ಮಾಡಿ.

ಒಂದು ಉದಾಹರಣೆ ನೋಡಿ. ಬೋರ್ಡ್ ಮೇಲೆ 52ರಿಂದ 17 ಕಳೆಯಿರಿ ಅಂತ ಬರೆದಿದ್ದೀರಿ. ಒಂದು ಮಗು 45 ಅಂತ ಬರೆದಿದೆ. ದಾಖಲೆಯಲ್ಲಿ ಅದಕ್ಕೆ ಒಂದು ಇಂಟು ಗುರುತು, ಕೊನೆಗೆ ಒಂದು ಸಿ ಗ್ರೇಡ್, ಅಷ್ಟೆ. ಆದರೆ ಪಕ್ಕದಲ್ಲಿ ಕೂತು "ಹೇಗೆ ಮಾಡಿದೆ, ಹೇಳು ನೋಡೋಣ" ಅಂತ ಕೇಳಿದರೆ ಕಥೆ ಬೇರೆಯೇ ಇರುತ್ತದೆ. ಬಿಡಿ ಸ್ಥಾನದಲ್ಲಿ 2ರಿಂದ 7 ಹೋಗುವುದಿಲ್ಲ, ಅದಕ್ಕೆ 7ರಿಂದ 2 ತೆಗೆದೆ, 5 ಬಂತು. 5ರಿಂದ 1 ತೆಗೆದೆ, 4 ಬಂತು. ಮಗುವಿಗೆ ಕಳೆಯೋಕೆ ಬರುತ್ತದೆ. ದೊಡ್ಡದರಿಂದ ಚಿಕ್ಕದನ್ನು ಕಳೆಯಬೇಕು ಅಂತ ನಾವೇ ಹೇಳಿಕೊಟ್ಟ ಮಾತನ್ನು ಅದು ತೀರಾ ಶ್ರದ್ಧೆಯಿಂದ ಪಾಲಿಸಿದೆ. ದಶಕ ತಗೊಳ್ಳೋದು ಅಂದರೆ ಒಂದು ಹತ್ತನ್ನು ಬಿಡಿಸಿ ಹತ್ತು ಬಿಡಿ ಮಾಡೋದು ಅನ್ನೋದು ಮಾತ್ರ ಅದಕ್ಕೆ ಇನ್ನೂ ತಲುಪಿಲ್ಲ. ಇದು ಬರೆಯೋಕೆ ಯೋಗ್ಯವಾದ ವಿಷಯ. ಇಂಥವು ದಿನಾ ಸಿಗುತ್ತವೆ. ಮೂವತ್ತನಾಲ್ಕು ಬರಿ ಅಂದರೆ 304 ಬರೆಯುವ ಮಗು, 0.3ಕ್ಕಿಂತ 0.25 ದೊಡ್ಡದು, ಯಾಕಂದ್ರೆ 25 ಜಾಸ್ತಿ ಅಂತ ವಾದ ಮಾಡುವ ಆರನೇ ಕ್ಲಾಸಿನವನು.

ಅವತ್ತೇ ಬರೆಯಬೇಕು. ಮನೆಗೆ ಹೋಗಿ ರಾತ್ರಿ ಬರೆದರಾಯಿತು ಅಂದುಕೊಂಡರೆ ಮಗು ಆಡಿದ ಮಾತು ಹೋಗಿರುತ್ತದೆ, ನಮ್ಮ ಅಭಿಪ್ರಾಯ ಮಾತ್ರ ಉಳಿದಿರುತ್ತದೆ. ಬಸ್ಸಿಗೆ ಕಾಯುವಾಗ ಅಥವಾ ಕೊನೆಯ ಗಂಟೆ ಹೊಡೆದ ಮೇಲೆ, ಹಳೆಯ ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಬರೆದರೂ ಸಾಕು: ನಾನು ಏನು ಕೇಳಿದೆ, ಮಗು ಏನು ಬರೆಯಿತು, ಕೇಳಿದಾಗ ಏನು ಹೇಳಿತು, ಆಮೇಲೆ ನಾನು ಏನು ಮಾಡಿದೆ. ಮಗುವಿನ ಮಾತನ್ನು ದಯವಿಟ್ಟು ತಿದ್ದಬೇಡಿ. ಕಲಬುರಗಿಯ ಮಗು ಕಲಬುರಗಿ ಮಾತಲ್ಲೇ ಮಾತಾಡಲಿ, ಪುತ್ತೂರಿನದು ಪುತ್ತೂರಿನಂತೆ. ಪಠ್ಯಪುಸ್ತಕದ ಕನ್ನಡಕ್ಕೆ ಇಳಿಸಿದ ತಕ್ಷಣ ಅದು ಯೋಚಿಸಿದ ದಾರಿಯೂ ಅಳಿಸಿಹೋಗುತ್ತದೆ.

ಈ ಟಿಪ್ಪಣಿಗಳು ನಿಮಗೆ. ಬೇರೆಯವರು ಓದಲಿ ಅಂತಿದ್ದರೆ ಸ್ವಲ್ಪ ದಿನ ಬಿಟ್ಟು ಮತ್ತೆ ಕೂತು ಬರೆಯಬೇಕು. ಒಂದು ಬರಹಕ್ಕೆ ಒಂದೇ ವಿಷಯ. "ಗುರು ಬ್ರಹ್ಮ ಗುರು ವಿಷ್ಣು" ಬೇಡ, "ಮಕ್ಕಳು ದೇವರ ಸಮಾನ" ಕೂಡ ಬೇಡ. ಅವು ಸುಳ್ಳು ಅಂತಲ್ಲ, ಓದುವವರೂ ಮೇಷ್ಟ್ರೇ, ಅವರಿಗೆ ಅದನ್ನು ಸೆಪ್ಟೆಂಬರ್ 5ರಂದು ಹೇಗೂ ಹೇಳುತ್ತಾರೆ. ನೇರವಾಗಿ ಆ 45ಕ್ಕೆ ಬನ್ನಿ. ಆಮೇಲೆ ನೀವು ಹತ್ತು ಹತ್ತು ಕಡ್ಡಿಯ ಕಟ್ಟು ಕೊಟ್ಟಿರಾ, ಹುಣಸೆ ಬೀಜ ಕೊಟ್ಟಿರಾ, ಹತ್ತರ ನೋಟು ಚಿಲ್ಲರೆ ಮಾಡಿಸಿದಿರಾ, ಎಷ್ಟು ಜನ ಮಕ್ಕಳಿದ್ದರು, ಒಂದೇ ಕ್ಲಾಸಾ ಅಥವಾ ಎರಡು ಮೂರು ತರಗತಿ ಒಟ್ಟಿಗೆ ಕೂತಿದ್ದವಾ, ಇದನ್ನೆಲ್ಲ ಬಿಡದೆ ಹೇಳಿ. ಯಾವುದು ಫಲ ಕೊಡಲಿಲ್ಲ ಅನ್ನೋದನ್ನೂ ಹೇಳಿ. "ಎಲ್ಲ ಮಕ್ಕಳೂ ಸಂತೋಷದಿಂದ ಕಲಿತರು" ಅಂತ ಮುಗಿಯುವ ಬರಹ ಕಂಡರೆ ನನಗೆ ಮೊದಲು ಬರೋದು ಅನುಮಾನ.

ಇದರಿಂದ ಏನಾದರೂ ಆಗುತ್ತದಾ ಅಂತ ಕೇಳಬಹುದು. ಚಿಕ್ಕ ಮಕ್ಕಳು ಕಾರ್ಡುಗಳನ್ನಿಟ್ಟುಕೊಂಡು ಚಟುವಟಿಕೆ ಮಾಡುತ್ತಾ ತಮ್ಮ ವೇಗದಲ್ಲಿ ಕಲಿಯುವ ನಲಿಕಲಿ ಪದ್ಧತಿ ನೆನಪಿಸಿಕೊಳ್ಳಿ. 1995ರಲ್ಲಿ ಮೈಸೂರು ಜಿಲ್ಲೆಯ ಎಚ್.ಡಿ. ಕೋಟೆ ತಾಲ್ಲೂಕಿನಲ್ಲಿ ಅದು ಶುರುವಾಯಿತು. ಯುನಿಸೆಫ್ ನೆರವಿತ್ತು, ಆಂಧ್ರದ ರಿಷಿವ್ಯಾಲಿ ಶಾಲೆಯ ಮಾದರಿ ಕಣ್ಣೆದುರಿಗಿತ್ತು, ಆದರೆ ನಮ್ಮ ಮಕ್ಕಳಿಗೆ ಒಗ್ಗುವ ಕಾರ್ಡುಗಳನ್ನು ಕೂತು ಬರೆದವರು ಸರ್ಕಾರಿ ಶಾಲೆಯ ಶಿಕ್ಷಕರೇ. ಆಮೇಲೆ ಅದು ರಾಜ್ಯದ ಕನ್ನಡ ಶಾಲೆಗಳ ಚಿಕ್ಕ ತರಗತಿಗಳಿಗೆಲ್ಲ ಬಂತು. ಇವತ್ತು ನಲಿಕಲಿಯ ಬಗ್ಗೆ ಬೈಯುವವರೂ ಇದ್ದಾರೆ, ನನಗೂ ಒಂದೆರಡು ತಕರಾರಿದೆ, ಅದು ಇನ್ನೊಂದು ದಿನದ ಮಾತು.

ಈಗ ಎಲ್ಲಕ್ಕಿಂತ ಮುಖ್ಯವಾದದ್ದು. ಮಕ್ಕಳ ಗುರುತು.

ಹೆಸರು ಬದಲಾಯಿಸಿದರೆ ಸಾಕು ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಸಾಲುವುದಿಲ್ಲ. ಊರು ಚಿಕ್ಕದು, ಶಾಲೆ ಅದಕ್ಕಿಂತ ಚಿಕ್ಕದು. "ಹಿಟ್ಟಿನ ಗಿರಣಿಯವರ ಎರಡನೇ ಮಗಳು" ಅಂತ ಬರೆದರೆ ನೀವು ಯಾವ ಹೆಸರಿಟ್ಟರೂ ಊರಿಗೆಲ್ಲ ಗೊತ್ತು. ಅವಳು ಓದೋಕೆ ಹಿಂದೆ ಅಂತ ನೀವು ಪ್ರೀತಿಯಿಂದಲೇ ಬರೆದಿರಬಹುದು, ಅದು ಅವಳ ಅಪ್ಪನ ಫೋನಿಗೆ ಫಾರ್ವರ್ಡ್ ಆಗಿ ಬಂದಾಗ ಪ್ರೀತಿ ಕಾಣುವುದಿಲ್ಲ. ಅದಕ್ಕೆ ತರಗತಿ ಬದಲಾಯಿಸಿ, ವರ್ಷ ಬದಲಾಯಿಸಿ, ಮನೆಯ ವಿವರ ತೆಗೆದುಹಾಕಿ. ಲೆಕ್ಕ ಮಾತ್ರ ಇದ್ದ ಹಾಗೇ ಇರಲಿ, ಓದುಗರಿಗೆ ಬೇಕಾದದ್ದು ಅದೇ ತಾನೇ. ನೋಟ್‌ಬುಕ್ಕಿನ ಫೋಟೋ ಹಾಕೋದಾದರೆ ಹೆಸರಿರುವ ಭಾಗ ಕತ್ತರಿಸಿ. ಮಕ್ಕಳ ಮುಖ ಬೇಡವೇ ಬೇಡ.

ಮಗುವಿನ ಮೇಲೆ ದೌರ್ಜನ್ಯ ಆಗಿದೆ, ಅಥವಾ ಮಗು ರಕ್ಷಣೆಯ ವ್ಯವಸ್ಥೆಗೆ ಹೋಗಿದೆ ಅಂದರೆ ಬರೆಯುವ ಯೋಚನೆಯನ್ನೇ ಬಿಡಿ. ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ಕಾಪಾಡುವ 2012ರ ಪೋಕ್ಸೋ ಕಾಯ್ದೆಯ 23ನೇ ಸೆಕ್ಷನ್, 2015ರ ಬಾಲನ್ಯಾಯ ಕಾಯ್ದೆಯ 74ನೇ ಸೆಕ್ಷನ್ ಎರಡೂ ಇಂಥ ಮಗುವಿನ ಗುರುತು ಹೊರಗೆ ಹಾಕುವುದನ್ನು ತಡೆಯುತ್ತವೆ. ಹೆಸರು, ವಿಳಾಸ ಮಾತ್ರ ಅಲ್ಲ, ಶಾಲೆಯ ಹೆಸರೂ ಆ ಪಟ್ಟಿಯಲ್ಲಿದೆ. ಮೇಷ್ಟ್ರು ತಮ್ಮ ಹೆಸರು ಹಾಕಿಕೊಂಡರೆ ಶಾಲೆ ಯಾವುದು ಅಂತ ಗೊತ್ತಾದ ಹಾಗೇ.

ಸರ್ಕಾರಿ ನೌಕರರಾಗಿದ್ದರೆ ಇನ್ನೊಂದು ಗಡಿ ಇದೆ. 2021ರ ರಾಜ್ಯ ಸಿವಿಲ್ ಸೇವಾ ನಡತೆ ನಿಯಮಗಳನ್ನು ಒಮ್ಮೆ ಓದಿಕೊಳ್ಳಿ. ಸರ್ಕಾರದ ನೀತಿಯನ್ನು ಬಹಿರಂಗವಾಗಿ ಟೀಕಿಸುವಂತಿಲ್ಲ. 304ರ ಬಗ್ಗೆ ಬರೆಯೋಕೆ ಯಾರ ಅಡ್ಡಿಯೂ ಬರುವುದಿಲ್ಲ. ವರ್ಗಾವಣೆಯ ಬಗ್ಗೆ ಬರೆಯುವ ಮುಂಚೆ ಎರಡು ಸಲ ಯೋಚಿಸಿ.

ಟೈಪಿಂಗ್ ಈಗ ಸಮಸ್ಯೆಯೇ ಅಲ್ಲ. ಫೋನಿನ ಕೀಬೋರ್ಡಿನಲ್ಲಿ ಮೈಕ್ ಒತ್ತಿ ಮಾತಾಡಿದರೆ ಕನ್ನಡದಲ್ಲೇ ಬರುತ್ತದೆ, ಒತ್ತಕ್ಷರ ಒಂದಷ್ಟು ತಿದ್ದಬೇಕಾಗುತ್ತದೆ. ಕಂಪ್ಯೂಟರಿನಲ್ಲಿ ನುಡಿ ಅನ್ನೋ ಕನ್ನಡ ತಂತ್ರಾಂಶ ಬಳಸೋರು ಯೂನಿಕೋಡ್‌ನಲ್ಲಿ ಟೈಪ್ ಮಾಡ್ತಿದ್ದೀರಾ ಅಂತ ನೋಡಿಕೊಳ್ಳಿ. ಹಳೆಯ ನುಡಿ ಫಾಂಟಿನ ಕಡತವನ್ನು ಹಾಗೇ ಫೋನಿಗೆ ಕಳಿಸಿದರೆ ಎದುರಿನವರಿಗೆ ಅರ್ಥವಿಲ್ಲದ ಗುರುತುಗಳು ಕಾಣುತ್ತವೆ. ಅದನ್ನು ಬದಲಾಯಿಸುವ ಕನ್ವರ್ಟರ್‌ಗಳು ಪುಕ್ಕಟೆ ಸಿಗುತ್ತವೆ.

ಎಲ್ಲಿ ಹಾಕೋದು? ವಾಟ್ಸಾಪ್ ಗ್ರೂಪಿನಲ್ಲಿ ಹಾಕಿದರೆ ಸಂಜೆಯೊಳಗೆ ಗುಡ್ ಮಾರ್ನಿಂಗ್ ಚಿತ್ರಗಳ ಕೆಳಗೆ ಹೂತುಹೋಗುತ್ತದೆ. ಬ್ಲಾಗಿನಂಥ ನಿಮ್ಮದೇ ಒಂದು ಜಾಗ ಇದ್ದರೆ ಎರಡು ವರ್ಷ ಬಿಟ್ಟು ಹುಡುಕಿದರೂ ಸಿಗುತ್ತದೆ. ಓದುವವರು ಬೆರಳೆಣಿಕೆಯಷ್ಟೇ ಇರಲಿ. ಲೈಕ್ ಎಣಿಸೋಕೆ ಶುರು ಮಾಡಿದರೆ ಬರಹ ತಾನಾಗೇ "ಮಕ್ಕಳು ದೇವರ ಸಮಾನ"ದ ಕಡೆ ವಾಲುತ್ತದೆ, ಹುಷಾರು.

ಹಾಕುವ ಮುಂಚೆ ಅದೇ ತರಗತಿಗೆ ಪಾಠ ಮಾಡುವ ಬೇರೆ ಶಾಲೆಯ ಒಬ್ಬರಿಗೆ ತೋರಿಸಿ. ಸುತ್ತಲಿನ ಶಾಲೆಗಳ ಶಿಕ್ಷಕರು ಸೇರುವ ಸಮಾಲೋಚನಾ ಸಭೆಯಲ್ಲಿ ಊಟಕ್ಕೆ ಬಿಟ್ಟಾಗ ಕೊಟ್ಟರೂ ಆಯಿತು. "ಹೇಗಿದೆ ಮೇಡಂ?" ಅಂತ ಕೇಳಬೇಡಿ, ಚೆನ್ನಾಗಿದೆ ಸರ್ ಅಂತಾರೆ, ಅಷ್ಟೆ. "ಇದನ್ನು ಓದಿ ಸೋಮವಾರ ನಿಮ್ಮ ಕ್ಲಾಸಿನಲ್ಲಿ ಮಾಡೋಕಾಗುತ್ತಾ?" ಅಂತ ಕೇಳಿ. ಅವರು "ಕಡ್ಡಿ ಕಟ್ಟು ಬಿಚ್ಚಿದ್ದು ನೀವೋ ಮಕ್ಕಳೋ?" ಅಂತ ತಿರುಗಿ ಕೇಳಿದರೆ, ಆ ಉತ್ತರವನ್ನು ಬರಹಕ್ಕೆ ಸೇರಿಸಿ, ಆಮೇಲೆ ಹಾಕಿ.