ಎಲ್ಲಿ ನಿಂತಿದ್ರಿ? ಬೇರೆಯವರ ಫೋಟೋ ನೋಡಿ ಹೇಳೋದರಲ್ಲಿ ನನ್ನ ಅನುಭವ

ಮೈಸೂರಲ್ಲಿ ಮದುವೆ ಫೋಟೋ ತೆಗೀತಾ ಬಂದವನು ನಾನು, ಈಗ ಒಂದಷ್ಟು ವರ್ಷದಿಂದ ಬೇರೆಯವರ ಫೋಟೋ ನೋಡಿ ಹೇಳೋ ಕೆಲಸಾನೂ ಅಂಟ್ಕೊಂಡಿದೆ. ಹೊಸ ಕ್ಯಾಮೆರಾ ತಗೊಂಡ ಕಾಲೇಜ್ ಹುಡುಗರು ಬರ್ತಾರೆ, ರಿಟೈರ್ ಆಗಿ ಹಕ್ಕಿ ಹಿಂದೆ ಬಿದ್ದಿರೋರು ಬರ್ತಾರೆ, ಸ್ಟುಡಿಯೋ ಇಟ್ಕೊಂಡು ಇದರಲ್ಲೇ ಮನೆ ನಡೆಸೋರೂ ಬರ್ತಾರೆ. ಹೊಸಬರು ಅಂತ ಎಲ್ಲದಕ್ಕೂ ಸೂಪರ್ ಅನ್ನೋದು, ಪ್ರೊಫೆಷನಲ್ ಅಂತ ಉಗಿದು ಕಳಿಸೋದು, ಎರಡೂ ನ್ಯಾಯ ಅಲ್ಲ. ನಾನು ನೋಡೋದು ಒಂದೇ, ಫೋಟೋದಲ್ಲಿ ಕೆಟ್ಟಿರೋದು ಆ ಹೊತ್ತಲ್ಲಿ ತೆಗೆದವರ ಕೈಯಲ್ಲಿತ್ತಾ ಇಲ್ವಾ. ಕೈಯಲ್ಲಿದ್ದದ್ದಕ್ಕೆ ಮಾತ್ರ ತಪ್ಪು ಹೇಳ್ತೀನಿ. ಅದಕ್ಕೇ ನನ್ನ ಮೊದಲ ಪ್ರಶ್ನೆ ಯಾವಾಗ್ಲೂ, ಎಲ್ಲಿ ನಿಂತಿದ್ರಿ?

ರಂಗನತಿಟ್ಟು ತಗೊಳ್ಳಿ, ನಮ್ಮ ಕಡೆ ಹಕ್ಕಿ ಫೋಟೋ ಶುರು ಮಾಡೋರು ಮೊದಲು ಹೋಗೋದು ಅಲ್ಲಿಗೇ. ದೋಣೀಲಿ ಕೂತು ತೆಗೀಬೇಕು, ದೋಣಿ ಎಲ್ಲಿ ನಿಲ್ಲತ್ತೆ ಅನ್ನೋದು ಅಂಬಿಗನಿಗೆ ಬಿಟ್ಟಿದ್ದು, ಪಕ್ಕದಲ್ಲಿ ಮಕ್ಕಳು ಎದ್ದು ಕೂತು ಮಾಡ್ತಿರ್ತಾವೆ. ಅಲ್ಲಿಂದ ಒಬ್ಬರು ಕಪ್ಪು ಬಂಡೆ ಮೇಲಿನ ಬೆಳ್ಳಕ್ಕಿ ಫೋಟೋ ತಂದಿದ್ರು. ಹಿಂದಿನ ಕೊಂಬೆ ಹಕ್ಕಿ ತಲೆಗೆ ಚುಚ್ಚಿದ ಹಾಗೆ ಬಂದಿತ್ತು, ಮೈಯೆಲ್ಲ ಬೆಳಕಿಗೆ ಸುಟ್ಟು ಒಂದು ಗರೀನೂ ಕಾಣ್ತಿರ್ಲಿಲ್ಲ. ಜೊತೇಲಿದ್ದೋರೆಲ್ಲ ಕೊಂಬೆ ಬಗ್ಗೇನೇ ಮಾತಾಡಿದ್ರು. ಅಯ್ಯೋ, ಕೊಂಬೆ ಅವರ ಕೈಯಲ್ಲಿರ್ಲಿಲ್ಲ ಸ್ವಾಮಿ, ದೋಣಿ ಎರಡಡಿ ಆಕಡೆ ನಿಂತಿದ್ರೆ ತಾನೇ ಸರಿಹೋಗ್ತಿತ್ತು. ಬಿಳಿ ಸುಟ್ಟಿದ್ದು ಮಾತ್ರ ಅವರ ಕೈಯಲ್ಲೇ ಇತ್ತು. ಬೆಳಕು ಅಳೆಯೋ ಕ್ಯಾಮೆರಾ ಮೀಟರ್‌ಗೆ ಬಂಡೆ ಯಾವುದು ಹಕ್ಕಿ ಯಾವುದು ಅಂತ ಗೊತ್ತಾಗಲ್ಲ, ಫ್ರೇಮ್ ತುಂಬಾ ಕಪ್ಪಿದ್ರೆ ಅದನ್ನ ಬೂದು ಬಣ್ಣಕ್ಕೆ ತರೋಕೆ ಅಂತ ಎಕ್ಸ್‌ಪೋಷರ್ ಏರಿಸತ್ತೆ, ಆಗ ಬಿಳಿ ಹಕ್ಕಿ ಕತೆ ಮುಗೀತು. ಮೀಟರ್ ಲೆಕ್ಕಕ್ಕಿಂತ ಬೆಳಕು ಏರಿಸಿ ಇಳಿಸೋ ಕಾಂಪನ್ಸೇಷನ್ ಮೈನಸ್ 1ಕ್ಕೆ ಇಳಿಸಿ ಒಂದು ತೆಗೀರಿ, ಫೋಟೋದ ಬೆಳಕು ಎಷ್ಟಿದೆ ಅಂತ ತೋರಿಸೋ ಗ್ರಾಫು, ಹಿಸ್ಟೋಗ್ರಾಮ್, ಬಲತುದಿಗೆ ಅಂಟಿದ್ರೆ ಇನ್ನೂ ಇಳಿಸಿ ಅಂದೆ. ಮುಂದಿನ ಸಲ ದೋಣಿ ಹತ್ತಿದ ತಕ್ಷಣ ಮಾಡಬಹುದಾದ ಕೆಲಸ ಅದು.

ಆ ಕೊಂಬೇನ ಫೋಟೋಶಾಪಲ್ಲಿ ಅಳಿಸಿಬಿಡಿ ಅಂತಾನೂ ಒಬ್ಬರು ಸಲಹೆ ಕೊಟ್ರು, ಇಂಥ ಸಲಹೆ ಕೇಳಿದ್ರೆ ನಂಗೆ ಭಯ ಆಗತ್ತೆ. ಆ ಫೋಟೋ ಸಲೋನ್ ಅನ್ನೋ ಫೋಟೋ ಸ್ಪರ್ಧೆಯ ನೇಚರ್ ವಿಭಾಗಕ್ಕೆ ಹೋಗೋದಿದ್ರೆ? ಫಿಯಾಪ್, ಪಿಎಸ್‌ಎ, ಆರ್‌ಪಿಎಸ್ ಅನ್ನೋ ಮೂರು ದೊಡ್ಡ ಫೋಟೋಗ್ರಫಿ ಸಂಸ್ಥೆಗಳೂ ಸೇರಿ ಒಪ್ಪಿರೋ ನೇಚರ್ ವ್ಯಾಖ್ಯೆ 2015ರಿಂದ ಜಾರಿಯಲ್ಲಿದೆ, ಕ್ರಾಪ್ ಮಾಡಬಹುದು, ಆದ್ರೆ ಫ್ರೇಮಲ್ಲಿರೋದನ್ನ ಅಳಿಸೋದು, ಜಾಗ ಬದಲಾಯಿಸೋದು, ಇಲ್ಲದ್ದನ್ನ ಸೇರಿಸೋದು ಮಾಡೋ ಹಾಗಿಲ್ಲ. ಸಲಹೆ ಕೊಟ್ಟವರು ಆರಾಮಾಗಿ ಮನೆಗೆ ಹೋಗ್ತಾರೆ, ಅದನ್ನ ನಂಬಿ ಕಳಿಸಿದೋರು ಡಿಸ್‌ಕ್ವಾಲಿಫೈ ಆಗ್ತಾರೆ. ಹಾಗಾಗಿ ಈ ಫೋಟೋ ಎಲ್ಲಿಗೆ ಹೋಗತ್ತೆ, ಸಲೋನ್‌ಗಾ, ಗೋಡೆಗಾ, ಕಸ್ಟಮರ್‌ಗಾ ಅಂತ ಕೇಳದೆ ನಾನು ಎಡಿಟಿಂಗ್ ಬಗ್ಗೆ ಬಾಯಿ ಬಿಡಲ್ಲ.

ಕೇಳೋದಕ್ಕಿಂತ ಮುಂಚೆ ಎಕ್ಸಿಫ್, ಅಂದ್ರೆ ಫೋಟೋ ಫೈಲಲ್ಲಿ ಕ್ಯಾಮೆರಾ ಬರೆದಿಟ್ಟಿರೋ ಸೆಟ್ಟಿಂಗ್ ವಿವರ ಓದ್ಬೇಕು, ಅರ್ಧ ಉತ್ತರ ಅಲ್ಲೇ ಇರತ್ತೆ. ಹಾರ್ತಿರೋ ಹೆಜ್ಜಾರ್ಲೆ (ಪೆಲಿಕನ್) ಮಸುಕಾಗಿದೆ, ಶಟರ್ ಸೆಕೆಂಡಿನ 1/200, ಬೆಳಕಿಗೆ ಕ್ಯಾಮೆರಾ ಎಷ್ಟು ಚುರುಕು ಅಂತ ಹೇಳೋ ಐಎಸ್‌ಓ 200 ಅಂತಿದೆ ಅಂದ್ಕೊಳ್ಳಿ. ಐಎಸ್‌ಓ 1600ಕ್ಕೆ ಏರಿಸಿದ್ರೆ ಅದೇ ಬೆಳಕಲ್ಲಿ 1/1600 ಸಿಗ್ತಿತ್ತು, ಅಂದ್ರೆ ಕೈಯಲ್ಲಿತ್ತು, ಬಳಸ್ಲಿಲ್ಲ. ಅದೇ ಐಎಸ್‌ಓ ಆಗ್ಲೇ 6400, ಲೆನ್ಸಿನ ಕಿಂಡಿ, ಅಂದ್ರೆ ಅಪರ್ಚರ್, ಪೂರ್ತಿ ತೆಗೆದು ಎಫ್ 5.6 ಅಂತಿದ್ರೆ ಅಲ್ಲಿ ಬೆಳಕೇ ಇರ್ಲಿಲ್ಲ, ಆ ಮನುಷ್ಯನ್ನ ಯಾಕೆ ಬೈತೀರಿ. ಕ್ಯಾಮೆರಾ ಜೊತೆ ಬರೋ ಕಿಟ್ ಲೆನ್ಸ್ ಮಾತ್ರ ಇರೋ ಹುಡುಗನಿಗೆ ಬ್ಯಾಕ್‌ಗ್ರೌಂಡ್ ಬ್ಲರ್ ಆಗಿಲ್ಲ ಅನ್ನೋರನ್ನಂತೂ ನಾನು ಅಲ್ಲೇ ತಡೀತೀನಿ, ಅದು ಅವನ ಪರ್ಸಿಗೆ ಹೇಳಿದ ಮಾತು. ಇನ್ನೊಂದು, ವಾಟ್ಸಾಪಲ್ಲಿ ಫೋಟೋ ಥರ ಕಳಿಸಿದ್ದನ್ನ ನೋಡಿ ಶಾರ್ಪ್ ಇಲ್ಲ ಅನ್ಬಾರ್ದು, ಅದು ಕಂಪ್ರೆಸ್ ಆಗಿರತ್ತೆ, ಡಾಕ್ಯುಮೆಂಟಾಗಿ ಕಳಿಸೋಕೆ ಹೇಳಿ.

ಫ್ರಾನ್ಸಿನ ಹೆಸರಾಂತ ಫೋಟೋಗ್ರಾಫರ್ ಕಾರ್ತಿಯೆ ಬ್ರೆಸಾನ್ 1932ರಲ್ಲಿ ಪ್ಯಾರಿಸ್‌ನ ರೈಲ್ವೇ ಸ್ಟೇಷನ್ ಹಿಂದೆ ತೆಗೆದ, ನೀರಿನ ಮೇಲೆ ಹಾರ್ತಿರೋ ಮನುಷ್ಯನ ಫೋಟೋ ಎಲ್ಲರಿಗೂ ಗೊತ್ತು. ಕ್ರಾಪ್ ಮಾಡೋದು ಅಂದ್ರೆ ಆಗ್ತಿರ್ಲಿಲ್ಲ ಅವರಿಗೆ, ಆದ್ರೂ ಅದು ಕ್ರಾಪ್ ಆಗಿರೋ ಫೋಟೋ, ಯಾಕಂದ್ರೆ ಹಲಗೆ ಬೇಲಿ ಸಂದಿಯಿಂದ ತೆಗೆದಿದ್ದು, ಸಂದಿ ಲೆನ್ಸಿಗೆ ಸಾಲ್ದೆ ಎಡಗಡೆ ಮರೆಯಾಗಿತ್ತು, ಅದು ಅವರ ಕೈಯಲ್ಲಿರ್ಲಿಲ್ಲ. ಹೆಸರು ಹೇಳ್ದೆ ಆ ಕ್ರಾಪ್ ಆಗದ ನೆಗೆಟಿವನ್ನ ನಮ್ಮೋರ ಮುಂದೆ ಇಟ್ರೆ ಏನೇನ್ ಬೈಗಳ ಬೀಳತ್ತೋ.

ಫೋಟೋದಲ್ಲಿರೋ ವಿಷಯ ಗೊತ್ತಿಲ್ದೆ ಫೋಟೋ ಬಗ್ಗೆ ಹೇಳೋಕೂ ಆಗಲ್ಲ. ಮಂಗಳೂರು ಕಡೆಯ ಹುಡುಗಿ ಒಬ್ಳು ಕಂಬಳದ ಫೋಟೋ ತಂದಿದ್ಲು, ಕನೆಹಲಗೆ ಓಟ, ಹಲಗೆ ಮೇಲೆ ನಿಂತವನ ಮುಖ ತುಂಬಾ ಟೈಟ್ ಆಗಿ, ಸುತ್ತ ನೀರು, ಚೆಂದಾನೇ ಇತ್ತು, ಎಲ್ರೂ ಹೊಗಳಿದ್ರು. ಆದ್ರೆ ಕನೆಹಲಗೇಲಿ ಲೆಕ್ಕ ಇರೋದು ನೀರು ಎಷ್ಟು ಎತ್ತರ ಚಿಮ್ಮತ್ತೆ ಅನ್ನೋದರ ಮೇಲೆ, ಕೋಲು ಅನ್ನೋ ಅಳತೇಲಿ ಆರೂವರೆ ಕೋಲು, ಏಳೂವರೆ ಕೋಲು ಎತ್ತರಕ್ಕೆ ನಿಶಾನೆ ಕಟ್ಟಿರ್ತಾರೆ. ಅವಳ ಫ್ರೇಮಲ್ಲಿ ನಿಶಾನೆಯೇ ಇಲ್ಲ. ನಿಂಗೆ ಬೇಕಾಗಿದ್ದು ಅವನ ಮುಖಾನಾ ಓಟಾನಾ ಅಂತ ಕೇಳಿದೆ, ಓಟ ಸರ್ ಅಂದ್ಲು. ಹಾಗಾದ್ರೆ ಝೂಮ್ ಹಿಂದಕ್ಕೆ ತಗೋಬೇಕಿತ್ತು ಕಣಮ್ಮ, ಅದು ನಿನ್ನ ಬೆರಳಲ್ಲೇ ಇತ್ತು ಅಂದೆ. ಮುಖ ಅಂದಿದ್ರೆ ನಂದೇನೂ ತಕರಾರಿಲ್ಲ.

ಹೇಳೋ ರೀತಿ ಬಗ್ಗೆ ಜಾಸ್ತಿ ಹೇಳೋಕೇನಿಲ್ಲ. ಕಾಂಪೊಸಿಷನ್ ಸರಿಯಿಲ್ಲ ಅಂದ್ರೆ ಕೇಳಿದವರಿಗೆ ಬೇಜಾರಾಗತ್ತೆ ಹೊರತು ಏನೂ ತಿಳಿಯಲ್ಲ, ನನ್ನ ಕಣ್ಣು ಮೊದಲು ಮೂಲೇಲಿರೋ ನೀಲಿ ಬಕೆಟ್‌ಗೆ ಹೋಯ್ತು ಅಂದ್ರೆ ಅವರೇ ಬಕೆಟ್ ನೋಡಿ ತಲೆ ಚಚ್ಕೋತಾರೆ.

ಪ್ರೊಫೆಷನಲ್‌ಗಳ ವಿಷಯಕ್ಕೆ ಬಂದ್ರೆ ಅಳತೆ ಅದೇ, ಆದ್ರೆ ಅವರ ಕೈ ದೊಡ್ಡದು. ಧಾರೆ ಹೊತ್ತಲ್ಲಿ ಸ್ಟೇಜ್ ಮೇಲಿನ ನೇರಳೆ ಎಲ್‌ಇಡಿ ಲೈಟು ಮದುಮಗಳ ಮುಖದ ಮೇಲೆ ಬಿದ್ದು ಚರ್ಮದ ಬಣ್ಣವೇ ಹಾಳಾಗಿದೆ ಅನ್ಕೊಳ್ಳಿ, ಅದನ್ನ ಆಮೇಲೆ ಲೈಟ್‌ರೂಮ್ ಸಾಫ್ಟ್‌ವೇರಲ್ಲಿ ಸರಿ ಮಾಡೋದು ಬಹಳ ಕಷ್ಟ. ಮದುವೆಗೆ ಬಂದ ಸೋದರಮಾವ ತೆಗೆದಿದ್ರೆ ನಾನು ಸುಮ್ನಿರ್ತೀನಿ, ಲೈಟು ಅವರದ್ದಲ್ಲ. ದುಡ್ಡು ತಗೊಂಡು ಬಂದವನು ಹಿಂದಿನ ದಿನಾನೇ ಛತ್ರ ನೋಡ್ಕೋಬಹುದಿತ್ತು, ಡೆಕೊರೇಷನ್‌ನವರಿಗೆ ಹೇಳಿ ಧಾರೆ ಮುಗಿಯೋವರೆಗೆ ಆ ಲೈಟ್ ಆರಿಸ್ಬಹುದಿತ್ತು, ಅವೆಲ್ಲ ಅವನ ಕೈಯಲ್ಲೇ ಬರತ್ತೆ. ಇನ್ನು ಇವರಿಗೆ ನಾಲ್ಕು ಜನರ ಮುಂದೆ ಹೇಳ್ಬಾರ್ದು, ಅದೇ ಊರಲ್ಲಿ ಆರ್ಡರ್ ಹಿಡೀಬೇಕು ಅವರು.

ಹೋದ ಸೀಸನ್‌ನಲ್ಲಿ ಒಬ್ಬ ಸ್ಟುಡಿಯೋದವನು ಆಲ್ಬಮ್ ತಂದು, ನಾನು ಈ ಲೈಟಿನ ಮಾತು ತೆಗೆದ ತಕ್ಷಣ, ಅಣ್ಣ, ಡೆಕೊರೇಷನ್ ಹೆಣ್ಣಿನ ಕಡೆಯೋರದ್ದು, ನಂಗೆ ಆರ್ಡರ್ ಕೊಟ್ಟಿದ್ದು ಗಂಡಿನ ಕಡೆಯೋರು, ಲೈಟ್ ಆರ್ಸಿ ಅಂದಿದ್ದಕ್ಕೆ ಜಗಳಕ್ಕೇ ಬಂದ್ರು ಅಂದ. ಸರಿ ಬಿಡಪ್ಪ, ಅದನ್ನ ಕೇಳಲ್ಲ ಅಂತ ಪುಟ ತಿರುಗಿಸಿದೆ. ಅಲ್ಲಿ ಮದುಮಗಳ ಮುಖ ಒಂದು ಬಣ್ಣ, ಕುತ್ತಿಗೆ ಒಂದು ಬಣ್ಣ, ಮೆಹಂದಿ ಹಾಕಿದ ಕೈ ಇನ್ನೊಂದು ಬಣ್ಣ. ಬೆಳ್ಳಗೆ ಮಾಡಿ ಅಂತ ಮನೆಯವರೇ ಕೇಳಿದ್ದಣ್ಣ ಅಂದ. ಕೇಳಿರ್ತಾರೆ, ನಂಗೂ ಕೇಳಿದಾರೆ, ಆದ್ರೆ ಮೌಸ್ ಯಾರ ಕೈಯಲ್ಲಿತ್ತು ಅಂದೆ. ನಕ್ಕ. ಆಮೇಲೆ ಲ್ಯಾಪ್‌ಟಾಪ್ ತೆಗೆಸಿ ಆ ಫೋಟೋ ಹಿಂದೆ ಮುಂದೆ ತೆಗೆದಿದ್ದನ್ನೆಲ್ಲ ನೋಡಿದ್ವಿ, ಎರಡು ಫ್ರೇಮ್ ಆಚೆ ಅದೇ ಹುಡುಗಿ ಅಪ್ಪನ ಕಡೆ ತಿರುಗಿ ನೋಡ್ತಿರೋದು, ಅಲ್ಲಿ ನೇರಳೆ ಬೆಳಕು ಕೆನ್ನೆಗೆ ಮಾತ್ರ ಬಿದ್ದಿದೆ, ಕಣ್ಣು ತುಂಬಿದೆ. ಅದನ್ನ ಯಾಕೆ ಆಲ್ಬಮ್‌ಗೆ ಹಾಕ್ಲಿಲ್ಲ ಅಂದ್ರೆ, ಡಿಸೈನರ್‌ಗೆ ಎಲ್ಲಾ ಒಟ್ಟಿಗೆ ಕಳಿಸ್ದೆ, ಅವನೇ ಆರಿಸ್ದ ಅಂದ. ಆವತ್ತು ಉಳಿದ ಟೈಮೆಲ್ಲ ನಾವು ಮಾತಾಡಿದ್ದು ಆ ಆರಿಸೋ ಕೆಲಸದ ಬಗ್ಗೆ ಮಾತ್ರ.